ಸ್ಕೂಟರ್ ಮಾರುವಾಗ ಫೋನ್‌ಪೇನಾ, ಗೂಗಲ್ ಪೇನಾ?

ಹೋದ ತಿಂಗಳು ನನ್ನ ಸ್ಕೂಟರ್ ಮಾರಿದೆ. ಒಂಬತ್ತು ವರ್ಷ ಹಳೆಯದು, ಕೆಎ-06 ನಂಬರು. ತುಮಕೂರಿನ ಬಟವಾಡಿಯಿಂದ ಎಂ.ಜಿ. ರೋಡಿಗೆ ಅದರ ಮೇಲೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕ ಇಟ್ಟಿಲ್ಲ. 31,000ಕ್ಕೆ ಮಾತಾಯಿತು. ಮಾತಾಗೋಕೆ ಹತ್ತು ನಿಮಿಷ ಹಿಡಿಯಿತು, ದುಡ್ಡು ಕೈಗೆ ಬರೋಕೆ ಎರಡು ದಿನ. ಯುಪಿಐ ಇರುವಾಗ ಎರಡು ದಿನ ಯಾಕೆ ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ.

ಕೊಳ್ಳೋಕೆ ಬಂದ ಹುಡುಗ ವಸಂತನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಶಿಫ್ಟಿಗೆ ಹೋಗೋಕೆ ಗಾಡಿ ಬೇಕಿತ್ತು. ಭಾನುವಾರ ಬೆಳಿಗ್ಗೆ ಬಂದ, ಒಂದು ರೌಂಡ್ ಓಡಿಸಿದ, ಹಿಂದಿನ ಟೈರ್ ಸವೆದಿದೆ ಅಂತ ಸಾವಿರ ಕಮ್ಮಿ ಮಾಡಿಸಿಕೊಂಡ. ಆಮೇಲೆ ಫೋನ್ ತೆಗೆದು, 'ಅಕ್ಕಾ, ಫೋನ್‌ಪೇನಾ, ಗೂಗಲ್ ಪೇನಾ?' ಅಂದ. ಯಾವುದಾದರೂ ಸರಿ ಕಣಪ್ಪ ಅಂದೆ. 31,000 ಒತ್ತಿದ, ಹೋಗಲಿಲ್ಲ. ಇನ್ನೊಂದು ಸಲ ಒತ್ತಿದ. ಆಗಲೂ ಇಲ್ಲ. ಬೇರೆ ಆ್ಯಪ್ ತೆಗೆದ, ಅಲ್ಲೂ ಅದೇ ಕೆಂಪು ಗುರುತು. ಪಾಪ, ಅವನ ಮುಖ ಸಣ್ಣದಾಯಿತು, ದುಡ್ಡಿಲ್ಲದೆ ಬಂದಿದ್ದಾನೆ ಅಂತ ನಾವು ತಿಳಿದುಕೊಂಡೆವೇನೋ ಅಂತ ಬ್ಯಾಲೆನ್ಸ್ ಬೇರೆ ತೆಗೆದು ತೋರಿಸಿದ.

ವಿಷಯ ಏನೆಂದರೆ ಹಿಂದಿನ ದಿನ ಸಂಜೆ ಅವನು ಹೊಸ ಫೋನ್ ತಗೊಂಡಿದ್ದ. ಯುಪಿಐಗೆ ಹೊಸದಾಗಿ ಸೇರಿದವರು, ಫೋನ್ ಬದಲಿಸಿ ಮತ್ತೆ ರಿಜಿಸ್ಟರ್ ಮಾಡಿದವರು ಮೊದಲ 24 ಗಂಟೆಯಲ್ಲಿ ಒಟ್ಟು 5,000ಕ್ಕಿಂತ ಜಾಸ್ತಿ ಕಳಿಸೋಕೆ ಆಗುವುದಿಲ್ಲ. ನಿಮ್ಮ ಸಿಮ್ ಕದ್ದವನು ಒಂದೇ ರಾತ್ರಿಯಲ್ಲಿ ಖಾತೆ ಗುಡಿಸಿಬಿಡಬಾರದು ಅಂತ ಇಟ್ಟಿರುವ ಬೀಗ ಅದು. ಒಳ್ಳೆಯದೇ. ಆದರೆ ಗಾಡಿ ತಗೊಳ್ಳೋಕೆ ಬಂದವನಿಗೆ ಅದನ್ನು ಯಾರು ಹೇಳಿರುತ್ತಾರೆ?

ಇಲ್ಲೇ ನನ್ನ ಮುಖ್ಯ ಮಾತು ಇರುವುದು. ಆ್ಯಪ್ ಬದಲಿಸಿದರೂ ಬೀಗ ಬದಲಾಗಲಿಲ್ಲ, ಅಲ್ವಾ? ಯಾಕೆಂದರೆ ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್, ವಾಟ್ಸ್ಆ್ಯಪ್, ಇವೆಲ್ಲ ಒಂದೇ ರಸ್ತೆಯಲ್ಲಿ ಓಡುವ ಬೇರೆ ಬೇರೆ ಬಣ್ಣದ ಬಸ್ಸುಗಳು. ರಸ್ತೆ ಎನ್‌ಪಿಸಿಐನದು, ಅಂದರೆ ಯುಪಿಐ ನಡೆಸುವ ಸಂಸ್ಥೆಯದು. ದುಡ್ಡು ಆ್ಯಪ್‌ನಲ್ಲಿ ಒಂದು ಕ್ಷಣವೂ ಕೂರುವುದಿಲ್ಲ, ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ. ನಿಮ್ಮ ಯುಪಿಐ ಐಡಿಯ ಬಾಲ ನೋಡಿ: ಗೂಗಲ್ ಪೇಯಲ್ಲಿ 'ಓಕೆಎಸ್‌ಬಿಐ', 'ಓಕೆಆಕ್ಸಿಸ್' ಅಂತಿರುತ್ತದೆ, ಫೋನ್‌ಪೇಯಲ್ಲಿ 'ವೈಬಿಎಲ್' ಅಂತಿದ್ದರೆ ಅದು ಯೆಸ್ ಬ್ಯಾಂಕ್. ಆ್ಯಪ್‌ನವರು ಬ್ಯಾಂಕಿನ ಹೆಗಲ ಮೇಲೆ ಕೂತು ಬರುವವರು. 2024ರ ಮಾರ್ಚ್‌ನಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಹೊಸ ಠೇವಣಿ ತಗೊಳ್ಳುವುದನ್ನು ರಿಸರ್ವ್ ಬ್ಯಾಂಕ್ ನಿಲ್ಲಿಸಿದಾಗಲೂ ಪೇಟಿಎಂ ಆ್ಯಪ್‌ನಲ್ಲಿ ಯುಪಿಐ ನಿಲ್ಲಲಿಲ್ಲ. ಹೆಗಲು ಬದಲಾಯಿತು ಅಷ್ಟೇ.

ಈಗಿನ ಹುಡುಗರಿಗೆ ಇದು ಸಾಮಾನ್ಯ ಅನಿಸಬಹುದು. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಎಲ್ಲರೂ ವಾಲೆಟ್ ಹಾಕಿಕೊಂಡರಲ್ಲ, ಆಗ ಈ ವಾಲೆಟ್‌ನಿಂದ ಆ ವಾಲೆಟ್‌ಗೆ ದುಡ್ಡು ಹೋಗುತ್ತಿರಲಿಲ್ಲ. ತರಕಾರಿಯವನ ಹತ್ತಿರ ಒಂದು, ನಿಮ್ಮ ಹತ್ತಿರ ಇನ್ನೊಂದು ಇದ್ದರೆ ಮುಗಿಯಿತು. ಯುಪಿಐ ಅದೇ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿತ್ತು, ಡಿಸೆಂಬರ್ 30ಕ್ಕೆ ಭೀಮ್ ಬಂತು, ಮುಂದಿನ ವರ್ಷ ಗೂಗಲ್‌ನವರು ತೇಜ್ ಅನ್ನುವ ಹೆಸರಲ್ಲಿ ಬಂದರು. ಆ ಗೋಡೆಗಳೆಲ್ಲ ಬಿದ್ದ ಮೇಲೆ, ಇಬ್ಬರು ಮನುಷ್ಯರ ನಡುವೆ ಸಾಮಾನು ಕೊಟ್ಟು ತಗೊಳ್ಳುವ ಮಟ್ಟಿಗೆ, ಯಾವ ಆ್ಯಪ್ ಒಳ್ಳೆಯದು ಅನ್ನುವ ಪ್ರಶ್ನೆಗೆ ಅಂಥ ಅರ್ಥವೇನೂ ಉಳಿದಿಲ್ಲ. ಮಿತಿ ಎಲ್ಲದರಲ್ಲೂ ದಿನಕ್ಕೆ ಒಂದು ಲಕ್ಷ, ನಿಮ್ಮ ಬ್ಯಾಂಕ್ ಅದಕ್ಕಿಂತ ಕಮ್ಮಿ ಇಟ್ಟಿದ್ದರೆ ಅಷ್ಟೇ. ಖರ್ಚು ಸೊನ್ನೆ. ಕನ್ನಡ ದೊಡ್ಡ ಆ್ಯಪ್‌ಗಳಲ್ಲಿದೆ. ನನಗೆ ಭೀಮ್ ಇಷ್ಟ, ಯಾಕೆಂದರೆ ಸಾಲ ತಗೊಳ್ಳಿ, ಚಿನ್ನ ತಗೊಳ್ಳಿ ಅಂತ ಕಾಟ ಕಮ್ಮಿ. ಇದು ನನ್ನ ರುಚಿ ಮಾತ್ರ.

ಸರಿ, ಹುಡುಗನ ಕಥೆಗೆ ಬರುತ್ತೇನೆ. 'ಫ್ರೆಂಡ್ ಹತ್ರ ಹಾಕಿಸಿಬಿಡ್ತೀನಿ ಅಕ್ಕಾ, ಅವನಿಗೆ ಕ್ಯಾಶ್ ಕೊಡ್ತೀನಿ' ಅಂದ. ಬೇಡ ಅಂದೆ. ಅವನಿಗೆ ಬೇಜಾರಾಯಿತು, ನನಗೂ ಆಯಿತು. ಆದರೆ ಇದೊಂದು ವಿಷಯದಲ್ಲಿ ನಾನು ಗಟ್ಟಿ. ಗುರುತಿಲ್ಲದ ಮೂರನೆಯವರ ಖಾತೆಯಿಂದ ದುಡ್ಡು ತಗೊಂಡು, ಆ ದುಡ್ಡು ನಾಳೆ ಎಲ್ಲೋ ಯಾರಿಗೋ ಮೋಸ ಮಾಡಿ ಬಂದದ್ದು ಅಂತ ದೂರು ದಾಖಲಾದರೆ, ಅದು ಹಾದುಹೋದ ಖಾತೆಗಳನ್ನೆಲ್ಲ ತಡೆಹಿಡಿಯುತ್ತಾರೆ. ಯಾವುದೋ ರಾಜ್ಯದ ಪೊಲೀಸರ ಪತ್ರ ಬ್ಯಾಂಕಿಗೆ ಬಂದಿರುತ್ತದೆ, ನಾವು ಸಂಬಳ ತೆಗೆಯೋಕೆ ಹೋದಾಗ ಗೊತ್ತಾಗುತ್ತದೆ. ನಮ್ಮ ಬೀದಿಯಲ್ಲೇ ಒಬ್ಬರು ಹಳೇ ಲ್ಯಾಪ್‌ಟಾಪ್ ಮಾರಿ ಹೀಗೆ ತಿಂಗಳುಗಟ್ಟಲೆ ಅಲೆದರು. ತಪ್ಪು ಅವರದಲ್ಲ, ಅಲೆದಾಟ ಮಾತ್ರ ಅವರದೇ. ಅದಕ್ಕೇ ನಾನು ಕೊಳ್ಳುವವನ ಸ್ವಂತ ಖಾತೆಯಿಂದ ಬರಲಿ ಅನ್ನುತ್ತೇನೆ, ಮತ್ತೆ ಬಂದ ಹೆಸರೂ ಅವನ ಆಧಾರ್‌ನ ಹೆಸರೂ ಒಂದೇನಾ ನೋಡುತ್ತೇನೆ.

ಕೊನೆಗೆ ಅವನು 5,000 ಮುಂಗಡ ಹಾಕಿದ. ಅಷ್ಟಕ್ಕೆ ಬೀಗ ಬಿಡುತ್ತದಲ್ಲ. ಒಂದು ಹಾಳೆಯಲ್ಲಿ ಇಬ್ಬರೂ ಬರೆದು ಸಹಿ ಹಾಕಿದೆವು. ಗಾಡಿ ನಮ್ಮ ಮನೆಯಲ್ಲೇ ಉಳಿಯಿತು.

ಇದನ್ನೆಲ್ಲ ಜಗಲಿ ಮೇಲೆ ಕೂತು ನಮ್ಮ ದೊಡ್ಡಪ್ಪ ನೋಡುತ್ತಿದ್ದರು. ಕೊರಟಗೆರೆ ಕಡೆಯವರು, ಕಣ್ಣು ತೋರಿಸೋಕೆ ಬಂದಿದ್ದರು. ವಯಸ್ಸಿದ್ದಾಗ ಎತ್ತು ವ್ಯಾಪಾರ ಮಾಡಿದವರು, ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ದನದ ಜಾತ್ರೆ ಅಂದರೆ ಅವರು ಒಂದು ವಾರ ಮನೆಗೇ ಬರುತ್ತಿರಲಿಲ್ಲವಂತೆ. ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವುದನ್ನು ನಾನೂ ಚಿಕ್ಕವಳಿದ್ದಾಗ ನೋಡಿದ್ದೇನೆ. ಸುತ್ತ ಐವತ್ತು ಜನ ನಿಂತಿದ್ದರೂ ರೇಟು ಇಬ್ಬರಿಗೇ ಗೊತ್ತು. ನಮ್ಮ ಪಿನ್ ಇದ್ದ ಹಾಗೆ ಅಂದುಕೊಳ್ಳಿ. ದೊಡ್ಡಪ್ಪ ಹೇಳಿದ್ದು ಇಷ್ಟೇ: 'ದುಡ್ಡು ಎಣಿಸಿ ಸೊಂಟಕ್ಕೆ ಕಟ್ಕೊಳ್ಳೋ ತನಕ ಹಗ್ಗ ನಮ್ಮ ಕೈಲೇ ಇರ್ಬೇಕು ಕಣಮ್ಮ. ಹಗ್ಗ ಕೊಟ್ಟ ಮೇಲೆ ನಾವು ಅವನ ಹಿಂದೆ.'

ಯುಪಿಐಗೆ ಈ ಹಗ್ಗದ ವಿಷಯ ಗೊತ್ತೇ ಇಲ್ಲ. ಅದು ದುಡ್ಡು ಸಾಗಿಸುತ್ತದೆ, ಸಾಮಾನು ಸಿಕ್ಕಿತೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಅಮೆರಿಕದಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಹಳೇ ಕ್ಯಾಮೆರಾ ಮಾರಿದ್ದು ಪೇಪಾಲ್‌ನಲ್ಲಿ. ಅಲ್ಲಿ ಎರಡು ಬಾಗಿಲಂತೆ. ಒಂದು ಮನೆಮಂದಿ, ಸ್ನೇಹಿತರಿಗೆ ಕಳಿಸುವುದು, ಅದಕ್ಕೆ ರಕ್ಷಣೆ ಇಲ್ಲ. ಇನ್ನೊಂದು ಸಾಮಾನು ಕೊಳ್ಳುವುದಕ್ಕೆ, ಮಾರುವವನಿಂದ ಕಮಿಷನ್ ಹಿಡಿಯುತ್ತಾರೆ, ಸಾಮಾನು ಬರದಿದ್ದರೆ ಕೊಂಡವನು ದೂರು ಕೊಟ್ಟು ದುಡ್ಡು ವಾಪಸ್ ಕೇಳಬಹುದು. ಅಲ್ಲಿನ ಮೋಸಗಾರರು ಅದಕ್ಕೇ ಸ್ನೇಹಿತರ ಬಾಗಿಲಿಂದ ಕಳಿಸಿ ಅಂತ ಪೀಡಿಸುತ್ತಾರೆ. ನಮ್ಮಲ್ಲಿ ಪೇಪಾಲ್ ದೇಶದ ಒಳಗಿನ ಪಾವತಿಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ, ಹೊರದೇಶದ ವ್ಯವಹಾರಕ್ಕೆ ಮಾತ್ರ. ಯುಪಿಐನಲ್ಲಿ ಇಬ್ಬರು ವ್ಯಕ್ತಿಗಳ ನಡುವೆ ಇರುವುದು ಒಂದೇ ಬಾಗಿಲು, ಸ್ನೇಹಿತರ ಬಾಗಿಲು. ಕಮಿಷನ್ ಇಲ್ಲ, ರಕ್ಷಣೆಯೂ ಇಲ್ಲ. ನೀವೇ ಪಿನ್ ಒತ್ತಿ ಕಳಿಸಿದ ದುಡ್ಡನ್ನು ಬ್ಯಾಂಕ್ ತಾನಾಗಿ ಹಿಂದಕ್ಕೆ ಎಳೆದು ಕೊಡುವುದಿಲ್ಲ.

ಇದನ್ನು ನಾನು 6,500 ಕೊಟ್ಟು ಕಲಿತಿದ್ದೇನೆ. 2022ರಲ್ಲಿ ಹಳೇ ಫ್ರಿಜ್ ಮಾರೋಕೆ ಒಂದು ಕಡೆ ಜಾಹೀರಾತು ಹಾಕಿದ್ದೆ. ಅರ್ಧ ಗಂಟೆಯಲ್ಲಿ ಫೋನ್. ಮಿಲಿಟರಿಯಲ್ಲಿದ್ದೇನೆ, ತುಮಕೂರಿಗೆ ಟ್ರಾನ್ಸ್‌ಫರ್ ಆಗಿದೆ, ಹುಡುಗರನ್ನು ಟೆಂಪೋ ಜೊತೆ ಕಳಿಸುತ್ತೇನೆ, ದುಡ್ಡು ಈಗಲೇ ಹಾಕುತ್ತೇನೆ. ಚೌಕಾಸಿಯೇ ಇಲ್ಲ. ಚೌಕಾಸಿ ಮಾಡದೆ ಹಳೇ ಫ್ರಿಜ್ ಕೊಳ್ಳುವವನು ತುಮಕೂರಿನಲ್ಲಿ ಹುಟ್ಟಿಲ್ಲ ಅಂತ ಆಗಲೇ ಹೊಳೆಯಬೇಕಿತ್ತು! ಮೊದಲು ಒಂದು ರೂಪಾಯಿ ಹಾಕಿದ, ಬಂತು. ನಂಬಿಕೆ ಬಂತು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, 'ಸ್ಕ್ಯಾನ್ ಮಾಡಿ ಮೇಡಂ, 6,500 ನಿಮ್ಮ ಖಾತೆಗೆ ಬೀಳುತ್ತೆ' ಅಂದ. ಸ್ಕ್ಯಾನ್ ಮಾಡಿದೆ. ಪಿನ್ ಕೇಳಿತು. ಒತ್ತಿದೆ. ಒತ್ತಿದ ಮರುಕ್ಷಣ ಹೊಟ್ಟೆಯಲ್ಲಿ ಏನೋ ಆಯಿತು, ಆದರೆ ಬೆರಳು ಆಗಲೇ ಕೆಲಸ ಮುಗಿಸಿತ್ತು.

ಪಿನ್ ಅನ್ನುವುದು ದುಡ್ಡು ಕೊಡೋಕೆ, ತಗೊಳ್ಳೋಕೆ ಅಲ್ಲ. ಬರುವ ದುಡ್ಡಿಗೆ ನೀವು ಏನೂ ಮಾಡಬೇಕಾಗಿಲ್ಲ, ಸ್ಕ್ಯಾನ್ ಇಲ್ಲ, ಪಿನ್ ಇಲ್ಲ, ಯಾವ ಬಟನ್ನೂ ಇಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ, ಯಾಕೆಂದರೆ ಅವನು ಮಾತಾಡುತ್ತಲೇ ಇದ್ದ, ಟೆಂಪೋದವನು ಹೊರಟಾಯಿತು ಅಂತಿದ್ದ. ನಾಚಿಕೆಯಿಂದ ಮನೆಯಲ್ಲಿ ರಾತ್ರಿಯವರೆಗೆ ಹೇಳಲಿಲ್ಲ, ಅದು ಎರಡನೇ ತಪ್ಪು. ಇಂಥದ್ದಾದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು. ದುಡ್ಡು ಇನ್ನೂ ಯಾವುದೋ ಖಾತೆಯಲ್ಲಿ ಕೂತಿದ್ದರೆ ಅಲ್ಲೇ ಹಿಡಿದು ನಿಲ್ಲಿಸೋಕೆ ಆಗುತ್ತದೆ, ಮೂರು ಖಾತೆ ದಾಟಿ ಎಟಿಎಂನಿಂದ ಹೊರಗೆ ಬಂದ ಮೇಲೆ ಕಷ್ಟ. ನಾನು ಮರುದಿನ ಮಧ್ಯಾಹ್ನ ಮಾಡಿದೆ. ದುಡ್ಡು ಬರಲಿಲ್ಲ. ಫ್ರಿಜ್ ಇನ್ನೂ ನಮ್ಮ ಹಿತ್ತಲಲ್ಲೇ ಇದೆ, ಅದರಲ್ಲಿ ನಮ್ಮನೆಯವರು ಗೊಬ್ಬರ ಮಾಡುತ್ತಾರೆ.

ಇದೇ ಜಾತಿಯ ಇನ್ನೊಂದು ದಾರಿ ಇತ್ತು, ಅಪರಿಚಿತರು ದುಡ್ಡು 'ಕೇಳುವ' ರಿಕ್ವೆಸ್ಟ್ ಕಳಿಸುವುದು. ನೋಡಿದರೆ ದುಡ್ಡು ಬರುತ್ತಿದೆ ಅನಿಸುತ್ತಿತ್ತು, ಒಪ್ಪಿದರೆ ಹೋಗುತ್ತಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಆ ರಿಕ್ವೆಸ್ಟನ್ನು 2025ರ ಅಕ್ಟೋಬರ್ 1ರಿಂದ ಪೂರ್ತಿ ತೆಗೆದುಬಿಟ್ಟಿದ್ದಾರೆ. ಸದ್ಯ. ಇನ್ನೊಂದು ಒಳ್ಳೆಯ ಬದಲಾವಣೆ ಅಂದರೆ ಹೆಸರಿನದು. ನಾವು ಫೋನಿನಲ್ಲಿ 'ಗ್ಯಾಸ್ ಅಣ್ಣ' ಅಂತ ಸೇವ್ ಮಾಡಿದ್ದರೆ ಕೆಲವು ಆ್ಯಪ್‌ಗಳಲ್ಲಿ ಅದೇ ತೋರಿಸುತ್ತಿತ್ತು. 2025ರ ಜೂನ್ ಕೊನೆಯ ಹೊತ್ತಿಗೆ ಎಲ್ಲ ಆ್ಯಪ್‌ಗಳೂ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ಎನ್‌ಪಿಸಿಐ ಹೇಳಿತು. ಕಳಿಸುವ ಮೊದಲು ಆ ಹೆಸರನ್ನು ಗಟ್ಟಿಯಾಗಿ ಓದಿ, ಎದುರಿಗಿರುವವರು ಹೌದು ಅಂದ ಮೇಲೆ ಪಿನ್ ಒತ್ತಿ. ತಪ್ಪು ನಂಬರಿಗೆ ಹೋದರೆ ಬ್ಯಾಂಕಿಗೆ ಅರ್ಜಿ, ಆ್ಯಪ್‌ನಲ್ಲಿ ದೂರು, 30 ದಿನದಲ್ಲಿ ಬ್ಯಾಂಕ್ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಇಷ್ಟು ದೂರ ಅಲೆಯಬೇಕಾಗುತ್ತದೆ.

ಸೋಮವಾರ ಸಂಜೆ ಹುಡುಗ ಶಿಫ್ಟ್ ಮುಗಿಸಿ ಬಂದ. ಉಳಿದ 26,000 ಒತ್ತಿದ. ಅವನ ಖಾತೆಯಿಂದ ಕಟ್ ಆಯಿತು ಅಂತ ಮೆಸೇಜ್ ಬಂತು. ಆ್ಯಪ್‌ನಲ್ಲಿ ಮಾತ್ರ 'ಪೆಂಡಿಂಗ್'. ನನ್ನ ಖಾತೆಗೆ ಏನೂ ಇಲ್ಲ. ಆವತ್ತು ನನ್ನ ಬ್ಯಾಂಕಿನ ಸರ್ವರ್ ಮಲಗಿತ್ತು.

ಈಗ ಯೋಚನೆ ಮಾಡಿ. ಅವನ ದುಡ್ಡು ಹೋಗಿದೆ, ನನಗೆ ಬಂದಿಲ್ಲ, ಗಾಡಿ ಅಂಗಳದಲ್ಲಿದೆ, ಕೀ ಟೀಪಾಯ್ ಮೇಲಿದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅವನು ಸ್ಕ್ರೀನ್‌ಶಾಟ್ ಕಳಿಸಲಾ ಅಂದ. ಸ್ಕ್ರೀನ್‌ಶಾಟ್ ನನಗೆ ಲೆಕ್ಕಕ್ಕಿಲ್ಲ, ಅಸಲಿ ಆ್ಯಪ್‌ನಂತೆಯೇ ಹಸಿರು ಟಿಕ್ ತೋರಿಸುವ ನಕಲಿ ಆ್ಯಪ್‌ಗಳಿವೆ. ಎಸ್ಸೆಮ್ಮೆಸ್ಸನ್ನೂ ಪೂರ್ತಿ ನಂಬಬೇಡಿ, ಯಾರು ಬೇಕಾದರೂ ನಿಮ್ಮ ನಂಬರಿಗೆ ಬ್ಯಾಂಕಿನ ಥರ ಬರೆದು ಕಳಿಸಬಹುದು. 'ಅಯ್ಯೋ, 2,000 ಹಾಕೋ ಕಡೆ 20,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ' ಅಂತ ಅಳುವವರು ಕಳಿಸುವುದು ಅಂಥ ಮೆಸೇಜನ್ನೇ. ಬಂತಾ ಇಲ್ಲವಾ ಅಂತ ತಿಳಿಯೋಕೆ ನಿಮ್ಮ ಖಾತೆಯ ಬ್ಯಾಲೆನ್ಸನ್ನೇ ನೋಡಬೇಕು, ಬೇರೆ ಏನೂ ಸಾಕ್ಷಿ ಅಲ್ಲ.

ನಿಯಮ ಏನು ಹೇಳುತ್ತದೆ ಅಂದರೆ, ಹೀಗೆ ಕಟ್ ಆಗಿ ತಲುಪದ ಯುಪಿಐ ದುಡ್ಡು ಮರುದಿನದೊಳಗೆ ತಾನಾಗೇ ವಾಪಸ್ ಹೋಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕ್ ಪರಿಹಾರ ಕೊಡಬೇಕು. 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದು, ಬಹಳ ಜನಕ್ಕೆ ಗೊತ್ತಿಲ್ಲ. ಪೆಂಡಿಂಗ್ ಇರುವಾಗ ಗಾಬರಿಯಾಗಿ ಎರಡನೇ ಸಲ ಮಾತ್ರ ಒತ್ತಬಾರದು. ಆ ಹುಡುಗ ಒತ್ತೋಕೆ ಹೋಗಿದ್ದ, ತಡೆದೆ.

ಕಾದೆವು. ಟೀ ಆಯಿತು. ಊಟದ ಹೊತ್ತಾಗುತ್ತಾ ಬಂತು ಅಂತ ಚಿತ್ರಾನ್ನ ಕೊಟ್ಟೆ. ದೊಡ್ಡಪ್ಪ ಅವನ ಊರು, ಮನೆತನ, ಗುಬ್ಬಿ ಕಡೆ ಯಾರ್ಯಾರು ನೆಂಟರು ಎಲ್ಲ ವಿಚಾರಿಸಿದರು. ಕೊನೆಗೆ ನನ್ನನ್ನು ನೋಡಿ, 'ಈ ದಲ್ಲಾಳಿ ಎಷ್ಟು ತಗೊಳ್ತಾನೆ?' ಅಂದರು. ಫೋನನ್ನು ತೋರಿಸಿ ಕೇಳಿದ್ದು. ಏನೂ ಇಲ್ಲ ದೊಡ್ಡಪ್ಪ, ಪುಕ್ಕಟೆ ಅಂದೆ. 'ಪುಕ್ಕಟೆ ಕೆಲಸ ಮಾಡೋ ದಲ್ಲಾಳೀನ ನಾನು ನೋಡಿಲ್ಲ' ಅಂದರು. ರೀಚಾರ್ಜ್‌ಗೆ ಒಂದೆರಡು ರೂಪಾಯಿ ಹಿಡಿಯುತ್ತಾರೆ, ಸಾಲ, ಇನ್ಶೂರೆನ್ಸ್ ಮಾರುತ್ತಾರೆ ಅಂತ ವಿವರಿಸಿದೆ. ಅವರಿಗೆ ಸಮಾಧಾನವಾಯಿತು, ಒಂದು ದಾರಿ ಇದೆ ಅಂತ.

ಕಾಯುವಾಗ ಆ ಹುಡುಗ ಕೇಳಿದ ಇನ್ನೊಂದು ಪ್ರಶ್ನೆ, ಕ್ರೆಡಿಟ್ ಕಾರ್ಡಿನಿಂದ ಹಾಕೋಕೆ ಬರಲ್ವಾ ಅಂತ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ಆದರೆ ಅಂಗಡಿಯ ಕ್ಯೂಆರ್‌ಗೆ ಮಾತ್ರ ಹೋಗುತ್ತದೆ, ನನ್ನಂಥ ವ್ಯಕ್ತಿಗಲ್ಲ. ಅದಕ್ಕೇ ಕೆಲವರು ಪಕ್ಕದ ಅಂಗಡಿ ಕೋಡ್‌ಗೆ ಹಾಕಿಸಿ ಕ್ಯಾಶ್ ತಗೊಳ್ಳುತ್ತಾರೆ. ಬೇಡ, ಅಂಗಡಿಯವರ ವಹಿವಾಟಿನ ಲೆಕ್ಕ ಸುಮ್ನೆ ಉಬ್ಬುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟು ಗಲಾಟೆಯಾಯಿತು, ಅಂಗಡಿ ಮುಂದೆ ಕ್ಯಾಶ್ ಮಾತ್ರ ಅಂತ ಬೋರ್ಡು ನೇತಾಡಿದ್ದು ಮರೆತಿಲ್ಲ ತಾನೆ?

ಲಕ್ಷ ದಾಟುವ ವ್ಯವಹಾರ, ಅಂದರೆ ಹಳೇ ಕಾರು, ಟ್ರ್ಯಾಕ್ಟರ್ ಇಂಥದ್ದಕ್ಕೆ ಯುಪಿಐ ಬಿಟ್ಟು ಬ್ಯಾಂಕಿನ ದಾರಿಗೇ ಹೋಗಿ. ಐಎಂಪಿಎಸ್‌ನಲ್ಲಿ 5 ಲಕ್ಷದವರೆಗೆ ತಕ್ಷಣ ಹೋಗುತ್ತದೆ. ನೆಫ್ಟ್ ಅರ್ಧ ಗಂಟೆಗೊಂದು ಬ್ಯಾಚ್, 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ, ಭಾನುವಾರವೂ ಇದೆ, ಉಳಿತಾಯ ಖಾತೆಯವರು ಆನ್‌ಲೈನ್‌ನಲ್ಲಿ ಮಾಡಿದರೆ ಚಾರ್ಜ್ ಇಲ್ಲ. ಆರ್‌ಟಿಜಿಎಸ್ 2 ಲಕ್ಷದಿಂದ ಮೇಲೆ. ಖಾತೆ ನಂಬರು ಹಾಕಿದರೆ ಹೆಸರು ತೋರಿಸುವ ಸೌಲಭ್ಯ ನೆಫ್ಟ್, ಆರ್‌ಟಿಜಿಎಸ್‌ಗೂ 2025ರಲ್ಲಿ ಬಂದಿದೆ. ಆದರೆ ಹೊಸ ಖಾತೆ ಸೇರಿಸಿದ ಮೇಲೆ ಕೆಲವು ಬ್ಯಾಂಕ್‌ಗಳು ಕೆಲವು ಗಂಟೆ ಕಾಯಿಸುತ್ತವೆ, ಆದ್ದರಿಂದ ಹಿಂದಿನ ದಿನವೇ ಸೇರಿಸಿ ಇಟ್ಟುಕೊಳ್ಳಲು ಹೇಳಿ. ಹಳೇ ಪುಸ್ತಕ, ಕುಕ್ಕರ್ ಥರದ್ದಕ್ಕೆ, ಮೊದಲೇ ಸ್ವಲ್ಪ ದುಡ್ಡು ತುಂಬಿಟ್ಟುಕೊಳ್ಳುವ ಯುಪಿಐ ಲೈಟ್ ಸಾಕು. ಪಿನ್ ಬೇಡ, ಒಂದು ಸಲಕ್ಕೆ 1,000ದವರೆಗೆ, ಒಟ್ಟು 5,000 ಇಟ್ಟುಕೊಳ್ಳಬಹುದು. ಪಾಸ್‌ಬುಕ್ಕಿನಲ್ಲಿ ಹತ್ತು ಹತ್ತು ರೂಪಾಯಿಯ ಸಾಲುಗಳು ತುಂಬುವುದಿಲ್ಲ ಅನ್ನುವುದೇ ನನಗೆ ದೊಡ್ಡ ಲಾಭ.

ಐವತ್ತು ನಿಮಿಷ ಆದ ಮೇಲೆ ನನ್ನ ಫೋನ್ ಟಿಂಗ್ ಅಂತು. ಮೆಸೇಜ್ ನೋಡಲಿಲ್ಲ, ಬ್ಯಾಲೆನ್ಸ್ ತೆಗೆದು ನೋಡಿದೆ. 26,000 ಬಂದಿತ್ತು, ಅವನದೇ ಹೆಸರಿನಲ್ಲಿ. ಗಾಡಿ ಅವನ ಹೆಸರಿಗೆ ವರ್ಗಾಯಿಸುವ ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಹಾಕಿ, ಆರ್‌ಸಿ ಕೊಟ್ಟು, ಕೊಟ್ಟಿದ್ದಕ್ಕೆ ದಿನ, ಗಂಟೆ ಸಮೇತ ಅವನಿಂದ ಬರೆಸಿಕೊಂಡೆ. ಕೀಯನ್ನು ದೊಡ್ಡಪ್ಪನ ಕೈಯಿಂದ ಕೊಡಿಸಿದೆ. ಅವರು ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು ಆಮೇಲೆ ಬಿಟ್ಟರು.

ಹೊರಟವನು ಗೇಟಿನ ಹತ್ತಿರ ನಿಂತು, 'ಅಕ್ಕಾ, ಆ ಹೆಲ್ಮೆಟ್ಟೂ ಕೊಡ್ತೀರಾ?' ಅಂದ. 300 ಕೊಡಪ್ಪ ಅಂದೆ. ಗಾಡಿ ಮೇಲೆ ಕೂತಲ್ಲೇ ಹಾಕಿದ. ಅದು ಎರಡು ಸೆಕೆಂಡಿಗೆ ಬಂತು.